ಅವ್ವನ ಮಣ್ಣಿನ ದಿನ ನೀವು ಮಾಡಿದ ಕೆಲ್ಸದ ಬಗ್ಗೆ ದೂರು

ಅಂತ್ಯಕ್ರಿಯೆ ಸರ್ವೀಸಿನ ಮಾಲೀಕರಿಗೆ,

ನಮಸ್ಕಾರ ರೀ. ನಮ್ಮ ಅವ್ವ ತೀರಿಕೊಂಡು ಇವತ್ತಿಗೆ 16 ದಿನ. ಬರೀಬೇಕೋ ಬ್ಯಾಡೋ ಅಂತ ಸುಮ್ಮ ಕುಂತಿದ್ದೆ, ಈಗ ಬರೀಲತ್ತೀನಿ.

ರಾತ್ರಿ 11ಕ್ಕ ಜೀವ ಹೋಯ್ತು, ಪುಣೆದಾಗಿರೋ ತಮ್ಮ ಬರೋತನಕ ಇಡಬೇಕು, ಕಲಬುರಗಿ ಮೇ ತಿಂಗಳ ಬಿಸಲು ನಿಮಗೇನ್ ಹೇಳೋದು, ಅದಕ್ಕ ನಿಮಗ ಫೋನ್ ಹಚ್ಚಿದೆ. ಫ್ರೀಜರ್, ವಿಮಾನ (ಹೆಣ ಕೂಡ್ಸಿ ಒಯ್ಯೋ ಸಿಂಗಾರದ ಪಲ್ಲಕ್ಕಿ), ಗಾಡಿ, ಕುಣಿ ತೋಡೋ ಮಂದಿ, ಡೆತ್ ಸರ್ಟಿಫಿಕೇಟು ಎಲ್ಲಾ ನಮ್ದೇ, ನೀವು ಕುಂತು ಅಳ್ರಿ ಸಾಕು ಅಂದ್ರಿ (ಹಾಂಗೇ ಅಂದ್ರಿ ರೀ), 18 ಸಾವಿರ ಅಂದ್ರಿ, ಕಮ್ಮಿ ಮಾಡ್ರಿ ಅಂತ ನಾ ಬಾಯಿ ಬಿಡ್ಲಿಲ್ಲ.

ನಾವು ಲಿಂಗಾಯತರು. ಕೂಡ್ಸಿ ಮಣ್ಣು ಮಾಡ್ತೀವಿ. ಜೀವ ಹೋದ ಕೂಡ್ಲೇ ಕಾಲು ಮಡಚಿ ಗ್ವಾಡಿಗೆ ಒರಗಿಸಿ ಕೂಡಿಸ್ಬೇಕು, ಎರಡ್ಮೂರು ತಾಸಿನ ಮ್ಯಾಲೆ ಮೈ ಬಿಗೀಲಕ ಶುರು ಆಗ್ತದ, ತಂಪಿನಾಗ ಇಟ್ರಂತೂ ಆ ಬಿಗಿ ಲಗೂನ ಬಿಡಂಗಿಲ್ಲ. ನಾ ಅಳೋ ಗದ್ದಲದಾಗ ಇದ್ದೆ, ಆದ್ರ ದಿನಾ ಇದೇ ಕೆಲ್ಸ ಮಾಡೋ ನಿಮ್ಮ ಹುಡುಗ್ರಿಗೆ ಕೂಡ್ಸೋದೋ ಮಲಗ್ಸೋದೋ ಅಂತ ಒಂದು ಮಾತು ಕೇಳ್ಲಕ ಏನಾಗಿತ್ತು? ಸೀದಾ ಮಲಗಿಸಿ ಮುಚ್ಚಳ ಹಾಕಿ ಹೋದ್ರು.

ಮುಂಜಾನಿ 10ಕ್ಕ ತೆಗದ್ರ ಮೊಣಕಾಲು ಕಟ್ಟಿಗಿ ಆಗಿದ್ವು. ನಮ್ಮ ಕಾಕಾ ಬಿಸಿನೀರಾಗ ಅರಿವಿ ಅದ್ದಿ ಒಂದು ತಾಸು ಒತ್ತಿ ಒತ್ತಿ ಮಡಚಿದ್ರು, ಒಮ್ಮೆ ಲಟಕ್ ಅಂತು, ನನ್ನ ತಂಗಿ ಎದ್ದು ಹೊರಗ ಹೋದ್ಳು. ಅಂಗೈಯಾಗ ಲಿಂಗ ಇಡ್ಬೇಕಂದ್ರ ಬೆರಳು ಬಿಚ್ಚವಲ್ವು. ನಿಮಗ ಫೋನ್ ಮಾಡಿದ್ರ ಹುಡುಗ ಏನಂದ ಗೊತ್ತಾ, "ಮಲಗ್ಸೇ ಮಾಡ್ರಿ ಅಣ್ಣ, ಏನಾಗ್ತದ".

ಆಳಂದ ರೋಡಿನ ನಮ್ಮ ಹೊಲಕ್ಕ ಹೋದ್ರ ಕುಣಿನೂ ಉದ್ದಕ ತೋಡಿದ್ರು, ಕೂಡ್ಸೋ ಗೂಡೇ ಇಲ್ಲ. ಊರ ಮಂದಿ ಹಾರೆ ಹಿಡ್ಕೊಂಡು ತೋಡ್ಲಕ ಬಂದ್ರು. ಪತ್ರಿ, ವಿಭೂತಿ ಸೈತ ಅವ್ರೇ ತಂದ್ರು.

ಸರ್ಟಿಫಿಕೇಟಿಗಂತ 1,500 ಬ್ಯಾರೆ ತಗೊಂಡ್ರಿ. ನಿನ್ನೆ ಜನನ-ಮರಣ ಬರೆಸೋ ಆಫೀಸಿಗೆ ಹೋಗಿ ಕೇಳಿದ್ರ ಅರ್ಜಿನೇ ಬಂದಿಲ್ಲ. ಮನ್ಯಾಗ ತೀರಿಕೊಂಡ್ರ ಮನಿಯವ್ರೇ ಬರೆಸ್ಬೇಕಂತ, 21 ದಿನದೊಳಗಾದ್ರ ದಂಡ ಇಲ್ಲಂತ.

ಆ 1,500, ಕುಣಿ ರೊಕ್ಕ ವಾಪಸ್ ಹಾಕ್ರಿ. ಸರ್ಟಿಫಿಕೇಟಿಗಂತ ನೀವು ಇಸ್ಕೊಂಡ ಅವ್ವನ ಆಧಾರ್ ನಾಳೆನೇ ಕಳಿಸ್ರಿ, ಐದೇ ದಿನ ಉಳದಾವ. ಆ ಹುಡುಗಗ ಕಾಕಾನ ಮುಂದ ಬಂದು ಒಂದು ಮಾತು ತಪ್ಪಾಯ್ತು ಅನ್ಲಕ ಹೇಳ್ರಿ.

ಅವ್ವನ ದೊಡ್ಡ ಮಗ,
ಕಲಬುರಗಿ