ಒಂದು ಸಮುದಾಯಾನ ಒಂದೇ ಸರಾಸರಿಯಲ್ಲಿ ಹೇಳಿ ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಯಾವುದಾದ್ರೂ ಸರ್ವೆ ರಿಪೋರ್ಟ್ ಹೊರಗೆ ಬಂದ್ರೆ ಸಾಕು, ಮಾರನೇ ದಿನ ಪೇಪರ್‌ಗಳಲ್ಲಿ ಒಂದೇ ಥರದ ಹೆಡ್‌ಲೈನ್ ಇರತ್ತೆ, ಇಂಥ ಸಮುದಾಯದ ತಲಾ ಆದಾಯ ಇಷ್ಟು, ಇಂಥ ಏರಿಯಾದ ಸಾಕ್ಷರತೆ ಇಷ್ಟು ಪರ್ಸೆಂಟ್, ಇವರು ಮುಂದೆ ಬಂದಿದಾರೆ ಅವರು ಹಿಂದೆ ಉಳಿದಿದಾರೆ, ಅಷ್ಟಕ್ಕೇ ಮುಗೀತು. ನಾನು ಕೆಲವು ವರ್ಷ ಸರ್ವೆ ಕೆಲಸಕ್ಕೆ ಅಂತ ಫಾರ್ಮ್ ಹಿಡ್ಕೊಂಡು ಮನೆಮನೆ ಸುತ್ತಿದವಳು, ಆ ನಂಬರ್ ಎಲ್ಲಿ ಹುಟ್ಟತ್ತೆ ಹೇಗೆ ಹುಟ್ಟತ್ತೆ ಅಂತ ಹತ್ತಿರದಿಂದ ನೋಡಿದೀನಿ, ಅದಕ್ಕೇ ಈ ಪತ್ರ.

ಮೊದಲು ಸರಾಸರಿ ವಿಷಯಾನೇ ತಗೊಳ್ಳಿ. ಹತ್ತು ಮನೆ ಇದೆ ಅನ್ಕೊಳ್ಳಿ, ಒಂಬತ್ತು ಮನೆಗೆ ತಿಂಗಳಿಗೆ ತಲಾ 10 ಪಾಲು ಆದಾಯ ಬರತ್ತೆ, ಹತ್ತನೇ ಮನೆಗೆ 410 ಪಾಲು. ಒಟ್ಟು 500, ಸರಾಸರಿ 50. ಆದ್ರೆ 50 ಪಾಲು ಬರೋ ಮನೆ ಅಲ್ಲಿ ಒಂದೂ ಇಲ್ಲ! ಅದೇ ಮನೆಗಳನ್ನ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಇಟ್ಟು ನಡುವಿಂದು ಯಾವುದು ಅಂತ ನೋಡಿದ್ರೆ, ಸ್ಕೂಲಲ್ಲಿ ಮಧ್ಯಾಂಕ ಅಂತ ಕಲಿತಿದ್ವಲ್ಲ ಅದು, ಬರೋದು 10. ಒಂಬತ್ತು ಮನೆಯವರ ನಿಜವಾದ ಬದುಕು ಆ 10ರಲ್ಲಿದೆ, ಪೇಪರಲ್ಲಿ ಬರೋದು ಮಾತ್ರ 50. ಅಸಮಾನತೆ ಅಳೆಯಕ್ಕೆ ಅಂತಾನೇ ಇಟಲಿಯ ಕೊರಾಡೊ ಗಿನಿ 1912ರಲ್ಲಿ ಒಂದು ಅಳತೆ ಕೊಟ್ಟಿದಾರೆ, 0 ಅಂದ್ರೆ ಎಲ್ಲರಿಗೂ ಸಮ, 1 ಅಂದ್ರೆ ಎಲ್ಲಾ ಒಬ್ಬರ ಕೈಲೇ, ಈ ಹತ್ತು ಮನೆಗೆ ಲೆಕ್ಕ ಹಾಕಿದ್ರೆ 0.72 ಬರತ್ತೆ. ಸರಾಸರಿ ಪಕ್ಕದಲ್ಲಿ ಈ ಎರಡು ಅಂಕಿ ಹಾಕಕ್ಕೆ ಒಂದು ಸಾಲು ಜಾಗ ಸಾಕು.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ನೋವು ಕೊಡೋದು, ಗುಂಪಿನ ಅಂಕಿ ತಗೊಂಡು ಆ ಗುಂಪಿನ ಒಬ್ಬೊಬ್ಬರ ಹಣೆಗೂ ಅಂಟಿಸೋದು. 1950ರಲ್ಲಿ ಅಮೆರಿಕದ ಡಬ್ಲ್ಯೂ. ಎಸ್. ರಾಬಿನ್ಸನ್ ಅನ್ನೋ ಸಮಾಜಶಾಸ್ತ್ರಜ್ಞರು ಅಲ್ಲಿನ 1930ರ ಜನಗಣತಿ ಇಟ್ಕೊಂಡು ಇದನ್ನ ಎಷ್ಟು ಚೆನ್ನಾಗಿ ತೋರಿಸಿದಾರೆ ಅಂದ್ರೆ, ಹೊರದೇಶದಲ್ಲಿ ಹುಟ್ಟಿ ಬಂದವರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅನಕ್ಷರತೆ ಕಮ್ಮಿ ಇತ್ತು, ಇಷ್ಟು ಮಾತ್ರ ನೋಡಿದವರು ಓಹೋ ವಲಸೆ ಬಂದವರೇ ಜಾಸ್ತಿ ಓದಿದವರು ಅಂದ್ಕೋತಾರೆ, ಆದ್ರೆ ಒಬ್ಬೊಬ್ಬರನ್ನೇ ಲೆಕ್ಕ ಮಾಡಿದ್ರೆ ಉಲ್ಟಾ, ಅವರಲ್ಲೇ ಅನಕ್ಷರತೆ ಜಾಸ್ತಿ. ಕಾರಣ ಏನಂದ್ರೆ ಅವರು ಹೋಗಿ ನೆಲೆಸಿದ್ದು ಸ್ಥಳೀಯರು ಮೊದಲೇ ಚೆನ್ನಾಗಿ ಓದ್ಕೊಂಡಿದ್ದ ರಾಜ್ಯಗಳಲ್ಲಿ. ನಮ್ಮಲ್ಲೂ ಅಷ್ಟೇ, "ಮುಂದುವರಿದ" ಅನ್ನೋ ಗುಂಪಲ್ಲಿ ಹುಟ್ಟಿದ ಬಡ ಹುಡುಗನಿಗೆ ನಿನಗೇನಪ್ಪ ಕಷ್ಟ ಅಂತಾರೆ, "ಹಿಂದುಳಿದ" ಅನ್ನೋ ಗುಂಪಲ್ಲಿ ಹುಟ್ಟಿ ಕಷ್ಟಪಟ್ಟು ಓದಿದ ಹುಡುಗೀನ ಅನುಮಾನದಿಂದ ನೋಡ್ತಾರೆ. ಇಬ್ಬರಿಗೂ ಅನ್ಯಾಯ. ಹಾಗಂತ ಗುಂಪಿನ ಅಂಕಿ ಬೇಡ ಅಂತಿಲ್ಲ, ಒಂದು ಇಡೀ ಗುಂಪಿಗೆ ಶಾಲೆ ಜಮೀನು ಕೆಲಸ ತಪ್ಪಿಸಿದ್ರೆ ಅದನ್ನ ತೋರಿಸಕ್ಕೆ ಗುಂಪಿನ ಅಂಕಿನೇ ಬೇಕು, ಅದಿಲ್ಲದೆ ಹೋದ್ರೆ ಅನ್ಯಾಯ ಕಣ್ಣಿಗೇ ಬೀಳಲ್ಲ.

ಮನೆ ಒಳಗಿನ ಕಥೆ ಬೇರೇನೇ. ಫಾರ್ಮಲ್ಲಿ ಮನೆ ಯಜಮಾನ ಅಂತ ಒಂದು ಕಾಲಂ ಇರತ್ತೆ, ಮುಕ್ಕಾಲುಪಾಲು ಉತ್ತರ ಅವರೇ ಕೊಡೋದು. ಒಂದು ಮನೇಲಿ ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಾರೆ ಅಂತ ಕೇಳಿದೆ, ಏನೂ ಇಲ್ಲ ಮನೇಲೇ ಇರ್ತಾಳೆ ಅಂದ್ರು, ಅವರು ಹಾಗನ್ನೋ ಹೊತ್ತಿಗೆ ಆಯಮ್ಮ ಎರಡು ಕೊಡ ನೀರು ಹೊತ್ಕೊಂಡು ನಮ್ಮ ಪಕ್ಕದಲ್ಲೇ ಒಳಗೆ ಹೋದ್ರು. ನಾನು "ಕೆಲಸ ಇಲ್ಲ" ಅಂತಾನೇ ಬರ್ಕೊಂಡೆ, ಆ ಫಾರ್ಮಲ್ಲಿ ಬೇರೆ ಜಾಗಾನೇ ಇರಲಿಲ್ಲ, ಇವತ್ತಿಗೂ ಅದು ನನ್ನ ಮನಸ್ಸಲ್ಲಿ ಕೊರೀತಿದೆ. 2013ರಲ್ಲಿ ಜಿನೀವಾದಲ್ಲಿ ನಡೆದ ಕಾರ್ಮಿಕ ಅಂಕಿಅಂಶ ತಜ್ಞರ 19ನೇ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಕೆಲಸ ಅನ್ನೋ ಪದದ ಅರ್ಥ ದೊಡ್ಡದು ಮಾಡಿದ್ರು, ಸಂಬಳ ಇಲ್ಲದೆ ಸ್ವಂತ ಮನೆಗೆ ಮಾಡೋ ಸೇವೇನೂ ಕೆಲಸಾನೇ ಅಂತ ಒಪ್ಕೊಂಡ್ರು, ಆದ್ರೆ ಉದ್ಯೋಗ ಅನ್ನೋದು ಸಂಬಳಕ್ಕೋ ಲಾಭಕ್ಕೋ ಮಾಡೋದು ಮಾತ್ರ ಅಂತ ಬೇರೆ ಇಟ್ರು. ಹಾಗಾಗಿ "ಮಹಿಳೆಯರಲ್ಲಿ ಇಷ್ಟು ಜನ ಉದ್ಯೋಗದಲ್ಲಿಲ್ಲ" ಅನ್ನೋದನ್ನ "ಕೆಲಸ ಮಾಡಲ್ಲ" ಅಂತ ದಯವಿಟ್ಟು ಪ್ರಿಂಟ್ ಮಾಡಬೇಡಿ, ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಸಮುದಾಯಗಳನ್ನ ಹೀಗೆ ಅಳೆಯೋ ಪ್ರಯತ್ನ ಹೊಸದೇನಲ್ಲ. ಚಾರ್ಲ್ಸ್ ಬೂತ್ ಅನ್ನೋ ಹಡಗು ಕಂಪನಿ ಮಾಲೀಕ 1889ರಿಂದ ಶುರುಮಾಡಿ ಲಂಡನ್ನಿನ ಬೀದಿಬೀದಿಗೂ ಬಣ್ಣ ಹಾಕಿ ಬಡತನದ ಮ್ಯಾಪ್ ತಂದ್ರು, ಕೊನೆಗೆ ಅಲ್ಲಿ 30.7 ಪರ್ಸೆಂಟ್ ಜನ ಬಡತನದಲ್ಲಿದಾರೆ ಅಂತ ಲೆಕ್ಕ ಕೊಟ್ರು, ಎಷ್ಟೋ ಜನರ ಕಣ್ಣು ತೆರೆಸಿದ ಕೆಲಸ ಅದು. ಆದ್ರೆ ಅದೇ ಮ್ಯಾಪಲ್ಲಿ ಕಪ್ಪು ಬಣ್ಣದ ಬೀದಿಗಳಿಗೆ ಕೊಟ್ಟ ವಿವರಣೆ ನೋಡಿದ್ರೆ ಸಂಕಟ ಆಗತ್ತೆ, ಅಲ್ಲಿನ ಜನ ಕೆಟ್ಟವರು, ಅರೆಬರೆ ಅಪರಾಧಿಗಳು ಅಂತ. ಆದಾಯ ಅಳೆಯಕ್ಕೆ ಹೋಗಿ ನಡತೆಗೂ ತೀರ್ಪು ಕೊಟ್ಟುಬಿಟ್ರು, ಆ ಬೀದೀಲಿ ಹುಟ್ಟಿದ ಮಗುವಿಗೂ ಅದೇ ಬಣ್ಣ. ಹತ್ತು ವರ್ಷ ಆದ್ಮೇಲೆ, 1899ರಲ್ಲಿ, ಸೀಬೋಮ್ ರೌನ್‌ಟ್ರೀ ಅನ್ನೋ ಸಂಶೋಧಕರು ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 11,560 ಕುಟುಂಬಗಳ ಮಾಹಿತಿ ಕಲೆಹಾಕಿಸಿದ್ರು, ಅವರು ಗಮನಿಸಿದ್ದು ನನಗೆ ಬಹಳ ದೊಡ್ಡ ಮಾತು ಅನ್ಸತ್ತೆ: ಕೂಲಿಯವನ ಮನೇಲಿ ಬಡತನ ಒಂದೇ ಸಮ ಇರಲ್ಲ, ಚಿಕ್ಕವನಿದ್ದಾಗ ಒಂದು ಸಲ, ಮದುವೆಯಾಗಿ ಮಕ್ಕಳು ಸಣ್ಣವಿದ್ದಾಗ ಇನ್ನೊಂದು ಸಲ, ಮುಪ್ಪಲ್ಲಿ ಮತ್ತೊಂದು ಸಲ ಬರತ್ತೆ. ಅಂದ್ರೆ ಒಂದು ದಿನ ಹೋಗಿ ಎಣಿಸಿದ್ರೆ ಸಿಗೋದು ಆವತ್ತಿನ ಫೋಟೋ ಮಾತ್ರ, ನಿನ್ನೆ ಬಡವರಾಗಿದ್ದವರು ನಾಳೆ ಆಗೋರು ಅದರಲ್ಲಿ ಬರಲ್ಲ.

ಈಗ ಆದಾಯ ಬಿಟ್ಟು ಬೇರೆಯದನ್ನೂ ನೋಡ್ತಾರೆ, ಅದು ಒಳ್ಳೇದು. 2010ರಿಂದ ಬಂದಿರೋ ಜಾಗತಿಕ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಆರೋಗ್ಯ, ಶಿಕ್ಷಣ, ಜೀವನಮಟ್ಟ ಅಂತ ಮೂರು ಭಾಗ, ಒಟ್ಟು 10 ಅಂಶ, ಕುಡಿಯೋ ನೀರು ಶೌಚಾಲಯ ಅಡುಗೆ ಇಂಧನ ಎಲ್ಲಾ ಸೇರತ್ತೆ, ಮೂರರಲ್ಲಿ ಒಂದು ಪಾಲಿನಷ್ಟು ಕೊರತೆ ಇದ್ರೆ ಬಡವರು ಅಂತ ಲೆಕ್ಕ. ಆ ಮೂರರಲ್ಲಿ ಒಂದು ಪಾಲು ಅನ್ನೋ ಗೆರೆ ಮನುಷ್ಯರೇ ಎಳೆದಿದ್ದು, ಸ್ವಲ್ಪ ಅತ್ತಿತ್ತ ಸರಿಸಿದ್ರೆ ಸಂಖ್ಯೆ ಬದಲಾಗತ್ತೆ, ಅದನ್ನೂ ಓದುಗರಿಗೆ ಹೇಳಬೇಕು.

ನಾನು ಕೇಳ್ಕೊಳೋದು ಇಷ್ಟೇ, ಇಂಥ ರಿಪೋರ್ಟ್ ಹಾಕುವಾಗ ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ, ಯಾವಾಗ ಕೇಳಿದ್ದು, ಎಷ್ಟು ಮನೆ, ಯಾರು ಉತ್ತರ ಕೊಟ್ರು, ಬಡತನ ಅಂದ್ರೆ ಅಲ್ಲಿ ಯಾವ ಗೆರೆ, ಮತ್ತೆ ಮುಖ್ಯವಾಗಿ ಎಷ್ಟು ಮನೆಗೆ ಬೀಗ ಇತ್ತು. ನಾವು ಹೋದಾಗ ಬೀಗ ಹಾಕಿದ್ದ ಮನೆಗಳಲ್ಲಿ ಎಷ್ಟೋ ಮನೆಯವರು ಕೂಲಿ ಹುಡ್ಕೊಂಡು ಬೇರೆ ಕಡೆ ಹೋದವರು ಅಂತ ಅಕ್ಕಪಕ್ಕದವರು ಹೇಳ್ತಿದ್ರು. ಮೂರು ಸಲ ಹೋಗಿ ವಾಪಸ್ ಬಂದು ಕೊನೆಗೆ "ಸಿಗಲಿಲ್ಲ" ಅಂತ ಬರೆದು ಮುಂದಿನ ಮನೆ ಬಾಗಿಲು ತಟ್ತಿದ್ವಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು