ಭಾನುವಾರದ ಕಾಮಿಕ್ಸ್ ಹರಟೆಗೆ ಮುನ್ನ

ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ಅಮೆರಿಕದ ಕಪ್ಪು ಸೂಪರ್‌ಹೀರೋಗಳು.

ಮೊದಲು ಒಂದು ತಿದ್ದುಪಡಿ. ಹಲವರು ಅಂದುಕೊಂಡಂತೆ ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ಬ್ಲ್ಯಾಕ್ ಪ್ಯಾಂಥರ್‌ಗೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ (ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಪಕ್ಷ) ಹೆಸರು ಬಂದದ್ದಲ್ಲ. ಪಾತ್ರ ಮೊದಲು ಕಾಣಿಸಿಕೊಂಡದ್ದು 1966ರ ಜುಲೈ ಸಂಚಿಕೆಯಲ್ಲಿ, ಪಕ್ಷ ಹುಟ್ಟಿದ್ದು ಅಕ್ಟೋಬರ್‌ನಲ್ಲಿ.

ಕಾಮಿಕ್ಸ್‌ನ ಕಪ್ಪು ನಾಯಕರಲ್ಲಿ ಬ್ಲ್ಯಾಕ್ ಪ್ಯಾಂಥರ್ ಮೊದಲಿಗನೂ ಅಲ್ಲ! 1947ರಲ್ಲೇ ಫಿಲಡೆಲ್ಫಿಯಾದ ಪತ್ರಕರ್ತ ಆರಿನ್ ಇವಾನ್ಸ್ ‘ಆಲ್-ನೀಗ್ರೋ ಕಾಮಿಕ್ಸ್’ ತಂದಿದ್ದರು. ಬರೆದವರು, ಚಿತ್ರ ಬಿಡಿಸಿದವರು ಎಲ್ಲರೂ ಕಪ್ಪು ಜನರೇ. ಅದರ ನಾಯಕ ಲಯನ್ ಮ್ಯಾನ್ ಓದಿದ ವಿಜ್ಞಾನಿ, ಆಫ್ರಿಕಾದಲ್ಲಿ ಯುರೇನಿಯಂ ನಿಕ್ಷೇಪ ಕಾಯುತ್ತಾನೆ. (ಬ್ಲ್ಯಾಕ್ ಪ್ಯಾಂಥರ್‌ನ ಕಾಲ್ಪನಿಕ ದೇಶ ವಕಾಂಡದ ಅಪೂರ್ವ ಲೋಹ ವೈಬ್ರೇನಿಯಂ ನೆನಪಾಯಿತೇ? ನನಗಂತೂ ಆಯಿತು.) ಎರಡನೇ ಸಂಚಿಕೆಗೆ ಕಾಗದ ಕೊಡುವವರೇ ಸಿಗದೆ ಪತ್ರಿಕೆ ಅಲ್ಲಿಗೇ ನಿಂತಿತು.

ನಂತರ ಬಂದ ಕಪ್ಪು ಸೂಪರ್‌ಹೀರೋಗಳಾದ ಲ್ಯೂಕ್ ಕೇಜ್ (1972), ಸ್ಟಾರ್ಮ್ (1975) ಇವರ ಹಳೇ ಸಂಚಿಕೆ ಇರುವವರು ತಪ್ಪದೆ ತನ್ನಿ. ಸಿನಿಮಾ ಚರ್ಚೆ ಕೊನೆಗಿರಲಿ.