ಜಗಳ ಆಡಲಿ, ಆದರೆ ಪೂರ್ತಿ ಬರೆಯಲಿ

ಸಂಪಾದಕರೇ,

ಯುದ್ಧದಲ್ಲಿ ಟ್ಯಾಂಕ್ ಒಡೆಯಲು ಹಾರಿಸುವ ‘ಡಿಪ್ಲೀಟೆಡ್’ ಯುರೇನಿಯಂ (ಅಣು ಇಂಧನ ತಯಾರಿಸಿದ ಮೇಲೆ ಉಳಿಯುವ ಯುರೇನಿಯಂ) ಗುಂಡುಗಳ ಬಗ್ಗೆ ಇಬ್ಬರು ಪತ್ರಕರ್ತರ ವಾದ ನಿಮ್ಮ ಪುಟದಲ್ಲಿ ಓದಿದೆ. ಇರಾಕಿನ ಮಕ್ಕಳ ಕ್ಯಾನ್ಸರ್‌ಗೆಲ್ಲ ಅದೇ ಕಾರಣ ಅಂತಾರೆ ಒಬ್ಬರು. ಅದು ಸುಮ್ನೆ ಪ್ರಚಾರ ಅಂತಾರೆ ಇನ್ನೊಬ್ಬರು. ಇಬ್ಬರೂ ಅರ್ಧ ಬರೆದಿದ್ದಾರೆ.

ಆ ಲೋಹದ ವಿಕಿರಣ ಸಹಜ ಯುರೇನಿಯಂಗಿಂತ ಸುಮಾರು ಶೇ 40ರಷ್ಟು ಕಡಿಮೆ, ನಿಜ. ಆದರೆ ಗುಂಡು ಟ್ಯಾಂಕಿಗೆ ಬಡಿದಾಗ ಹೊತ್ತಿ ಉರಿದು ನುಣ್ಣನೆ ಪುಡಿಯಾಗುತ್ತದೆ, ಆ ಪುಡಿ ಜಾಸ್ತಿ ಮೈಯೊಳಗೆ ಹೋದರೆ ಕಿಡ್ನಿಗೆ ವಿಷ, ಅದನ್ನು ಯಾಕೆ ಬಿಟ್ಟರು? ಇಂಥ ಗುಂಡುಗಳು ಬಿದ್ದಿದ್ದ ಯುರೋಪಿನ ಕೊಸೊವೊದ ಮಣ್ಣು ಪರೀಕ್ಷಿಸಿದ ವಿಶ್ವಸಂಸ್ಥೆಯ ಪರಿಸರ ತಂಡ 2001ರಲ್ಲಿ ಯುರೇನಿಯಂ ಎಲ್ಲೆಡೆ ಹರಡಿಲ್ಲ ಅಂದಿತು. ಗುಂಡು ಬಿದ್ದ ಜಾಗ ಗುರುತು ಮಾಡಿ, ಕುಡಿಯುವ ನೀರು ಪರೀಕ್ಷಿಸುತ್ತಾ ಇರಿ ಅಂತಲೂ ಹೇಳಿತು. ಒಬ್ಬರು ಮೊದಲ ಮಾತು ಬಿಟ್ಟರು, ಇನ್ನೊಬ್ಬರು ಎರಡನೆಯದನ್ನು.

ನಮಗಿದು ದೂರದ ಸುದ್ದಿ ಅಲ್ಲ. ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ನೆಲದಡಿ ಯುರೇನಿಯಂ ಇದೆ, ಅಲ್ವಾ? ಮೊನ್ನೆ ಪಕ್ಕದ ಮನೆ ಕಾಕು ಬೋರ್‌ವೆಲ್ ನೀರಿನ ಕೊಡ ಕಟ್ಟೆ ಮೇಲಿಟ್ಟು, ಒದ್ದೆ ಕೈಯಲ್ಲೇ ಪೇಪರ್ ಹಿಡಿದು, “ತಮ್ಮಾ, ಈ ನೀರು ಕುಡಿಬೇಕೋ ಬ್ಯಾಡೋ?” ಅಂದರು. ನನಗೆ ಉತ್ತರ ಕೊಡಲಾಗಲಿಲ್ಲ. ವಿಕಿರಣದ ಭಯ ಎಷ್ಟು, ವಿಷದ ಭಯ ಎಷ್ಟು ಅಂತ ಆ ಇಬ್ಬರಿಂದಲೇ ಬೇರೆ ಬೇರೆ ಬಿಡಿಸಿ ಬರೆಸಿ.

— ಒಬ್ಬ ಓದುಗ, ಶಹಾಪುರ, ಯಾದಗಿರಿ ಜಿಲ್ಲೆ